ಪ್ರಸಾರವಾಗದೆ ಉಳಿದದ್ದನ್ನೂ ಬರೆ

ಬಳ್ಳಾರಿ

ಪ್ರೀತಿಯ ತಂಗಿ,

ಅಮೆರಿಕದ ಟೆಲಿವಿಷನ್ ಪತ್ರಕರ್ತ ಫ್ರೆಡ್ ಫ್ರೆಂಡ್ಲಿ ಅವರನ್ನು ಕುರಿತ ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯಲ್ಲಿ "ಇದು ಯಾರಿಗೆ ಬೇಕು ಸರ್, ಹರಿದು ಹಾಕಲೇ?" ಎಂದು ಕೇಳಿದ್ದೀಯ. ಹರಿಯಬೇಡ. ಕಾಗುಣಿತ, ಅಧ್ಯಾಯಗಳ ಕ್ರಮ ಇವೆಲ್ಲ ಆಮೇಲೆ ಸರಿಹೋಗುತ್ತವೆ. ನನ್ನ ತಕರಾರು ಒಂದೇ: ಸುದ್ದಿಮನೆಯ ಮನುಷ್ಯನ ಬದುಕನ್ನು ನೀನು ಹುದ್ದೆಗಳ ಪಟ್ಟಿ ಮಾಡಿಬಿಟ್ಟಿದ್ದೀಯ. ಏನನ್ನು ತೋರಿಸಿದ, ಏನನ್ನು ತಡೆದ, ಯಾವುದಕ್ಕಾಗಿ ಜಗಳವಾಡಿದ ಎಂಬುದು ಅದರಲ್ಲಿ ಕಾಣುವುದಿಲ್ಲ.

ಕಂಡವರ ಮೇಲೆಲ್ಲ ಕಮ್ಯುನಿಸ್ಟರೆಂಬ ಆರೋಪ ಹೊರಿಸುತ್ತಿದ್ದ ಸೆನೆಟರ್ ಮೆಕಾರ್ಥಿಯ ದಬ್ಬಾಳಿಕೆಯನ್ನು ಬಯಲಿಗೆಳೆದ 1954ರ ಮಾರ್ಚ್ 9ರ ಕಾರ್ಯಕ್ರಮಕ್ಕೆ ಜಾಹೀರಾತು ಕೊಡಲು ಅವರ ಟಿವಿ ವಾಹಿನಿ ಸಿಬಿಎಸ್ ಒಪ್ಪದಿದ್ದಾಗ, ಕಾರ್ಯಕ್ರಮದ ನಿರೂಪಕ ಎಡ್ವರ್ಡ್ ಮರೋ ಮತ್ತು ಫ್ರೆಂಡ್ಲಿ ಸ್ವಂತ ಜೇಬಿನಿಂದ 1,500 ಡಾಲರ್ ಹಾಕಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀಯಲ್ಲ, ಯಾಕೆ? 1964ರಲ್ಲಿ ಅವರು ಸಿಬಿಎಸ್ ನ್ಯೂಸ್ ಅಧ್ಯಕ್ಷರಾದದ್ದಕ್ಕೆ ನಾಲ್ಕು ಪುಟ ಕೊಟ್ಟವಳು, ಆ ಕುರ್ಚಿಯನ್ನು ಬಿಟ್ಟದ್ದಕ್ಕೆ ಎರಡೇ ಸಾಲು ಕೊಟ್ಟಿದ್ದೀಯ. 1966ರ ಫೆಬ್ರವರಿ 10ರಂದು ಮಾಜಿ ರಾಯಭಾರಿ ಜಾರ್ಜ್ ಕೆನನ್ ಸೆನೆಟ್ ಸಮಿತಿಯ ಮುಂದೆ ವಿಯೆಟ್ನಾಂ ಯುದ್ಧದ ಬಗ್ಗೆ ಮಾತನಾಡುತ್ತಿದ್ದಾಗ, ಅದನ್ನು ನೇರವಾಗಿ ತೋರಿಸುವುದು ಬಿಟ್ಟು ಮೇಲಿನವರು ಹಳೆಯ ಹಾಸ್ಯ ಧಾರಾವಾಹಿಯೊಂದನ್ನು ಮರುಪ್ರಸಾರ ಮಾಡಿಸಿದರು. ಅದೇ ತಿಂಗಳು ಫ್ರೆಂಡ್ಲಿ ರಾಜೀನಾಮೆ ಕೊಟ್ಟರು.

ನಾನು ಇಷ್ಟು ಸಿಡುಕುವುದಕ್ಕೆ ಕಾರಣವಿದೆ. 2003ರ ಬರಗಾಲದಲ್ಲಿ ನಾನು ಬೆಂಗಳೂರಿನಲ್ಲಿ ವಾಹಿನಿಯೊಂದರ ಸುದ್ದಿ ಮುಖ್ಯಸ್ಥನಾಗಿದ್ದೆ. ಲಿಂಗಸುಗೂರು ಕಡೆಯ ನಮ್ಮ ಹುಡುಗ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಟೇಪು ಕಳಿಸಿದ. ಊರಿಗೆ ಊರೇ ಗುಳೆ ಹೋಗಿತ್ತು. ಮುಚ್ಚಿದ ಬಾಗಿಲುಗಳಿಗೆ ಜಾಲಿಮುಳ್ಳು ಅಡ್ಡ ಇಟ್ಟಿದ್ದರು. ಒಂದು ಕಟ್ಟೆಯ ಮೇಲೆ ಮುದುಕಿಯೊಬ್ಬಳು, ಮಗ ಬಿಟ್ಟುಹೋದ ಜೋಳವನ್ನು ಸೇರಿನಲ್ಲಿ ಅಳೆದು ಚೀಲಕ್ಕೆ ಹಾಕಿ, ಮತ್ತೆ ಹೊರಗೆ ಸುರಿದು ಅಳೆಯುತ್ತಿದ್ದಳು. ಕ್ಯಾಮೆರಾದ ಕಡೆ ನೋಡಲೇ ಇಲ್ಲ. ಅಂದು ಸಂಜೆ ಚಿತ್ರನಟರೊಬ್ಬರ ಮದುವೆಯಿತ್ತು. ಅದಕ್ಕೆ ಜಾಹೀರಾತು ಚೆನ್ನಾಗಿ ಬಂದಿತ್ತು. "ನಾಳೆ ಹಾಕೋಣ" ಎಂದೆ. ಯಾರೂ ನನಗೆ ಹಾಗೆ ಹೇಳು ಎಂದಿರಲಿಲ್ಲ. ವಾರದೊಳಗೆ ಆ ಟೇಪಿನ ಮೇಲೆ ಬೇರೆ ಸುದ್ದಿ ತುಂಬಿದರು. ಹುಡುಗ ಮತ್ತೆ ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟ. ನಾನು ಮಾತ್ರ ಆ ಕುರ್ಚಿಯಲ್ಲಿ ಇನ್ನೂ ಆರು ವರ್ಷ ಕೂತೆ.

1960ರಲ್ಲಿ ಮರೋ ಮತ್ತು ಫ್ರೆಂಡ್ಲಿ ಅವರ ತಂಡ ಅಮೆರಿಕದ ವಲಸೆ ಕೃಷಿಕೂಲಿಗಳ ಪಾಡನ್ನು, ಜನರು ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಉಂಡ ಮರುದಿನವೇ ತೋರಿಸಿತ್ತು. ಗುಳೆ ಹೋಗುವವರನ್ನು ಮನೆಯೆದುರೇ ಕಂಡು ಬೆಳೆದ ರಾಯಚೂರಿನ ಹುಡುಗಿ ನೀನು. ಆ ಅಧ್ಯಾಯವನ್ನು ನಿನ್ನಷ್ಟು ಚೆನ್ನಾಗಿ ಬರೆಯಬಲ್ಲವರು ಯಾರಿದ್ದಾರೆ, ಹೇಳು? ಅದನ್ನೂ ರಾಜೀನಾಮೆಯ ಭಾಗವನ್ನೂ ಹೊಸದಾಗಿ ಬರೆದು, ದಸರೆಯೊಳಗೆ ನೀನೇ ತೆಗೆದುಕೊಂಡು ಬಾ. ಕೂತು ಓದೋಣ.

ನಿನ್ನ ಹಿತೈಷಿ