ಕ್ಯೂ ಮಾರುವವರು ವಾಪಸ್ ಕೊಳ್ಳುವ ಮಾತನ್ನೂ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಸ್ನೂಕರ್ ಕ್ಯೂ, ಅಂದರೆ ಟೇಬಲ್ ಮೇಲಿನ ಚೆಂಡು ಹೊಡೆಯುವ ಕೋಲು, ಮಾರಿದೆ. ಜೊತೆಗೆ ಒಂದು ಕಾಗದವನ್ನೂ ಬರೆದುಕೊಟ್ಟೆ. ಕ್ಯೂ ಬೇಡ ಅನ್ನಿಸಿದರೆ ಅದನ್ನು ನನಗೇ ತಂದುಕೊಡಬೇಕು, ನಾನು ತೆಗೆದುಕೊಂಡ ದುಡ್ಡನ್ನು ಪೂರ್ತಿ ಹಿಂದಿರುಗಿಸುತ್ತೇನೆ ಎಂಬ ಕಾಗದ ಅದು. ಕೇಳಿದ ಕೆಲವರು ‘ಇದೆಂಥ ವ್ಯಾಪಾರ?’ ಎಂದರು. ಇಂಥ ವ್ಯಾಪಾರ ನಮ್ಮ ರಾಜ್ಯದ ಎಲ್ಲ ಕ್ಲಬ್ಬುಗಳಲ್ಲೂ ಸ್ನೂಕರ್ ಪಾರ್ಲರುಗಳಲ್ಲೂ ನಡೆಯಬೇಕು ಎಂಬುದು ನನ್ನ ಆಸೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವನು. ಬೆಳಗ್ಗೆ ಟೇಬಲ್ಲಿಗೆ ಬ್ರಷ್ ಹಾಕುವುದು, ಬಟ್ಟೆಗೆ ಇಸ್ತ್ರಿ ಮಾಡುವುದು, ಚೆಂಡು ಒರೆಸುವುದು, ಕ್ಯೂ ತುದಿಯ ಸವೆದ ಟಿಪ್ ಕಿತ್ತು ಹೊಸದು ಅಂಟಿಸುವುದು ನನ್ನ ಕೆಲಸ. ಸಂಜೆ ಮೆಂಬರುಗಳು ಬಂದರೆ ಸ್ಕೋರ್ ಬೋರ್ಡ್ ನೋಡಿಕೊಳ್ಳಬೇಕು. ಯಾರಿಗಾದರೂ ಜೊತೆ ಸಿಗದಿದ್ದರೆ ಅವರ ಜೊತೆ ಆಡಲೂಬೇಕು. ಹಾಗೆ ಆಡಿ ಆಡಿಯೇ ಆಟ ಕಲಿತೆ.

ನನ್ನ ಕ್ಯೂ ಮೊದಲು ಒಬ್ಬ ಮೆಂಬರದಾಗಿತ್ತು. ಅವರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ವಯಸ್ಸಾಗಿ ಆಟ ಬಿಟ್ಟಾಗ, 1991ರಲ್ಲಿ, ಅದನ್ನು ನನಗೆ ಕಂತಿನ ಮೇಲೆ ಕೊಟ್ಟರು. ಪುಕ್ಕಟೆ ಕೊಡಬಹುದಿತ್ತು, ಕೊಡಲಿಲ್ಲ. ‘ದುಡ್ಡು ಕೊಟ್ಟು ತಗೊಂಡರೆ ನೀನು ಚೆನ್ನಾಗಿ ನೋಡ್ಕೋತೀಯ. ಬೇಡ ಅನ್ನಿಸಿದರೆ ತಂದುಬಿಡು, ಎಷ್ಟು ಕಟ್ಟಿದ್ದೀಯೋ ಅಷ್ಟೂ ವಾಪಸ್ ಕೊಡ್ತೀನಿ’ ಅಂದರು. ಆ ಮಾತು ಕೊಟ್ಟ ಧೈರ್ಯ ದೊಡ್ಡದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ಮಾರ್ಕರ್ ಸಂಬಳದಲ್ಲಿ ಒಂದು ಕೋಲಿಗೆ ಅಷ್ಟು ಹಣ ಹಾಕುವುದು ಸುಮ್ನೆ ಮಾತಲ್ಲ. ವಾಪಸ್ ಬರುವ ಹಣ ಅದು ಅಂತ ಹೇಳಿಯೇ ಹೆಂಡತಿಯನ್ನು ಒಪ್ಪಿಸಿದೆ.

ಕ್ಯೂ ಬಗ್ಗೆ ಸ್ವಲ್ಪ ಹೇಳುತ್ತೇನೆ. ಉದ್ದ 58 ಇಂಚು. ಎಲ್ಲೂ ಜಾಯಿಂಟ್ ಇಲ್ಲದ ಒಂದೇ ಪೀಸ್. ಮುಂದಿನ ಭಾಗ ಆಶ್ ಮರ, ಹಿಡಿ ಕರಿಮರ, ಅಂದರೆ ಎಬೊನಿ. ಹಿಡಿಯ ನಾಲ್ಕು ಕಪ್ಪು ಮೊನೆಗಳು ಬಿಳಿ ಮರದೊಳಕ್ಕೆ ಹತ್ತಿವೆ. ಆ ಮೊನೆಗಳ ತುದಿ ದುಂಡಗಿದ್ದರೆ ಕೈಯಲ್ಲಿ ಕೂರಿಸಿದ್ದು, ಸೂಜಿಯಂತೆ ಚೂಪಾಗಿದ್ದರೆ ಸಾಮಾನ್ಯವಾಗಿ ಮೆಷಿನ್ನಿನದು. ನನ್ನದು ದುಂಡಗಿನದು. ತೂಕ ಹದಿನೇಳೂವರೆ ಔನ್ಸ್, ಅರ್ಧ ಕೆ.ಜಿ.ಗೆ ಚೂರು ಕಡಿಮೆ. ತುದಿಯಲ್ಲಿ ಹಿತ್ತಾಳೆಯ ಬಳೆ, ಅದರ ಮೇಲೆ ಒಂಬತ್ತೂವರೆ ಮಿಲಿಮೀಟರ್ ಚರ್ಮದ ಟಿಪ್. ಈಗ ಜನ ಆನ್‌ಲೈನಿನಲ್ಲಿ ಕ್ಯೂ ತರಿಸುತ್ತಾರೆ. ಬಂದ ಮೇಲೆ ನೋಡಿದರೆ ಅದು ಪೂಲ್ ಎಂಬ ಬೇರೆ ಆಟದ ಕ್ಯೂ. ಅದು ಸಾಮಾನ್ಯವಾಗಿ ಮೇಪಲ್ ಮರದ್ದು, ಟಿಪ್ ಹದಿಮೂರು ಮಿಲಿಮೀಟರ್ ಹತ್ತಿರ ಇರುತ್ತದೆ. ಪೂಲ್ ಚೆಂಡು 57 ಮಿಲಿಮೀಟರಿಗೂ ಚೂರು ಜಾಸ್ತಿ, ಸ್ನೂಕರ್ ಚೆಂಡು 52.5. ಅದಕ್ಕೆ ಆ ದಪ್ಪ ಸರಿ, ಇದಕ್ಕೆ ಅಲ್ಲ. ಹುಡುಗರಿಗೆ ಇದನ್ನು ಹೇಳುವವರೇ ಇಲ್ಲ.

ಒಂದು ಕ್ಯೂಗೆ ಕೈ ಒಗ್ಗಿದರೆ ಬೇರೆಯದು ಕೂಡುವುದು ಕಷ್ಟ. ಟಿಪ್ ಚೆಂಡಿಗೆ ತಾಗುವುದು ಕಣ್ಣು ಮುಚ್ಚಿ ತೆಗೆಯುವುದಕ್ಕಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲೇ ಮರದ ನಡುಕ ಅಂಗೈಗೆ ಬಂದು, ಚೆಂಡಿಗೆ ಎಷ್ಟು ತಿರುವು ಬಿತ್ತು ಅಂತ ಹೇಳಿಬಿಡುತ್ತದೆ. ಆ ಅರಿವು ವರ್ಷಗಟ್ಟಲೆ ಆಡಿದ ಮೇಲೆ ಬರುವಂಥದ್ದು. ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ 1990ರಿಂದ 1999ರ ನಡುವೆ ಏಳು ಸಲ ವಿಶ್ವ ಚಾಂಪಿಯನ್ ಆದದ್ದು ಚಿಕ್ಕಂದಿನಲ್ಲಿ ಸಿಕ್ಕ ಕಡಿಮೆ ಬೆಲೆಯ ಒಂದೇ ಕ್ಯೂನಲ್ಲಿ. 2003ರಲ್ಲಿ ಥಾಯ್ಲೆಂಡಿನ ವಿಮಾನ ಪ್ರಯಾಣದಲ್ಲಿ ಅದು ಮುರಿಯಿತು. ಆಮೇಲೆ ಅವರಿಗೆ ಎಂಥ ಕ್ಯೂ ಬೇಕಾದರೂ ಸಿಗುತ್ತಿತ್ತು. ಎಂಟನೆಯ ವಿಶ್ವ ಕಿರೀಟ ಮಾತ್ರ ಸಿಗಲಿಲ್ಲ. ಕ್ಯೂ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅದು ದೊಡ್ಡ ಪೆಟ್ಟು ಅಂತ ಆಟ ಬಲ್ಲವರೆಲ್ಲ ಒಪ್ಪುತ್ತಾರೆ.

ನನಗೆ ಈಗ ಭುಜದ ನೋವು. ಟೇಬಲ್ ಮೇಲೆ ಬಗ್ಗಿ ಗಲ್ಲವನ್ನು ಕ್ಯೂಗೆ ತಾಗಿಸುವುದು ಆಗುತ್ತಿಲ್ಲ. ಕ್ಯೂ ಕೇಸಿನೊಳಗೇ ಇತ್ತು. ಒಬ್ಬ ವ್ಯಾಪಾರಿ 25 ಸಾವಿರ ಕೊಡುತ್ತೇನೆ ಎಂದು ಬಂದರು. ಯಾವುದೋ ರೆಸಾರ್ಟಿನ ಗೋಡೆಗೆ ಹಾಕಲು ಹಳೆಯ ಕ್ಯೂ ಬೇಕಂತೆ. ನಾನು ಕೊಡಲಿಲ್ಲ. ಆಡುವ ಕ್ಯೂ ಗೋಡೆಯ ಮೇಲೆ ಮೊಳೆಗೆ ನೇತಾಡುವುದನ್ನು ನೆನೆಸಿಕೊಂಡರೇ ಸಂಕಟವಾಗುತ್ತದೆ.

ನಮ್ಮ ಬಡಾವಣೆಯ ಪಾರ್ಲರಿನಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ ಆಡುತ್ತಾನೆ. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾರೆ. ಪಾರ್ಲರಿನ ಕ್ಯೂ ಹೇಗಿರುತ್ತವೆ ಅಂತ ಆಡಿದವರಿಗೆಲ್ಲ ಗೊತ್ತು. ದಿನವೂ ಹತ್ತಾರು ಕೈ ಬದಲಾಗುತ್ತವೆ. ಗೋಡೆಗೆ ಒರಗಿಸಿ ಒರಗಿಸಿ ಬಾಗಿರುತ್ತವೆ. ಟೇಬಲ್ ಮೇಲೆ ಉರುಳಿಸಿದರೆ ಕುಣಿಯುತ್ತವೆ. ಅಂಥದ್ದರಲ್ಲೇ ಆ ಹುಡುಗ ದೂರದ ಚೆಂಡುಗಳನ್ನು ನೇರ ಟೇಬಲ್ ಅಂಚಿನ ಪಾಕೆಟ್ಟಿಗೆ ಹಾಕುತ್ತಿದ್ದ. ನನ್ನ ಕ್ಯೂ ಒಮ್ಮೆ ಕೈಗೆ ಕೊಟ್ಟೆ. ಕೆಂಪು ಹಾಕಿದ, ಕಪ್ಪು ಹಾಕಿದ, ಬಿಳಿ ಚೆಂಡನ್ನು ಬೇಕಾದಲ್ಲಿಗೆ ಎಳೆದು ತಂದ. ‘ತಾತ, ಇದು ಹೇಳಿದ ಮಾತು ಕೇಳುತ್ತೆ’ ಅಂದ.

ಅವನ ಅಪ್ಪನ ಹತ್ತಿರ ಬೆಲೆ ಮಾತಾಡಿದೆ. 15 ಸಾವಿರ ಹೇಳಿದೆ. ಆ ಮನುಷ್ಯ ಸುಮ್ಮನೆ ಕುಳಿತರು. ‘ಅಣ್ಣ, ಇವನು ಎಸ್ಸೆಸ್ಸೆಲ್ಸಿ ಆದ ಮೇಲೆ ಆಡ್ತಾನೋ ಬಿಡ್ತಾನೋ. ಇನ್ನೂ ಬೆಳೆಯೋ ಹುಡುಗ, ನಾಳೆ ಉದ್ದ ಸಾಲದೆ ಹೋದರೆ? ಅಷ್ಟು ದುಡ್ಡು ನೀರಿಗೆ ಹಾಕಿದ ಹಾಗೆ ಆಗಲ್ವಾ?’ ಎಂದರು. ಅವರ ಪ್ರಶ್ನೆ ನೂರಕ್ಕೆ ನೂರು ಸರಿ. ಆಗ ನನ್ನ ಬೆಳೆಗಾರರು ಹೇಳಿದ ಮಾತನ್ನೇ ನಾನೂ ಹೇಳಿದೆ. ಆದರೆ ಬರೀ ಬಾಯಲ್ಲಿ ಹೇಳಲಿಲ್ಲ. ಯಾಕೆ ಅಂದರೆ ಬಾಯಿಮಾತು ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ.

ನನ್ನ ಜೊತೆ ಕೆಲಸ ಮಾಡಿದ ಇನ್ನೊಬ್ಬ ಮಾರ್ಕರ್ ಇದ್ದರು. ನನಗಿಂತ ಚೆನ್ನಾಗಿ ಆಡುತ್ತಿದ್ದರು. ಹೆಂಡತಿಯ ಆಪರೇಷನ್ನಿಗೆ ಹಣ ಬೇಕಾಗಿ ತಮ್ಮ ಕ್ಯೂವನ್ನು ಪರಿಚಯದ ಒಬ್ಬರಿಗೆ ಮಾರಿದರು. ‘ದುಡ್ಡು ಆದಾಗ ಬಂದು ತಗೊಂಡು ಹೋಗು’ ಅಂತ ಆ ಮನುಷ್ಯ ಹೇಳಿದ್ದರಂತೆ. ಇವರು ಒಂದೂವರೆ ವರ್ಷ ಓವರ್‌ಟೈಮ್ ಮಾಡಿ ಹಣ ಹೊಂದಿಸಿಕೊಂಡು ಹೋದರೆ, ಕ್ಯೂ ಬೇರೆಯವರ ಪಾಲಾಗಿತ್ತು. ಅವರನ್ನು ಹುಡುಕಿಕೊಂಡು ಹೋದರೆ ಎರಡು ಪಟ್ಟು ಬೆಲೆ ಕೇಳಿದರು. ಕಾಗದ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಆಮೇಲೆ ಆ ಮಾರ್ಕರ್ ಆಡಿದ್ದನ್ನು ನಾನು ನೋಡಲಿಲ್ಲ. ಸ್ಕೋರ್ ಮಾತ್ರ ಹಾಕುತ್ತಿದ್ದರು.

ಅವರು ಮಾರದೆ ಗಿರವಿ ಇಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಗಿರವಿ ಇಟ್ಟ ವಸ್ತುವಿನ ಒಡೆತನ ಇಟ್ಟವನದೇ. ಸಾಲ ಕೊಟ್ಟವನು ಅದನ್ನು ಮಾರಬೇಕಾದರೆ ಮೊದಲು ತಿಳಿಸಬೇಕು. ಗಡುವು ಮೀರಿದರೂ, ವಸ್ತು ಮಾರಾಟವಾಗುವ ತನಕ ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಇಟ್ಟವನಿಗೆ ಇರುತ್ತದೆ. ಮಾರಿದರೆ ಹಾಗಲ್ಲ. ಒಡೆತನವೇ ಕೈಬಿಟ್ಟು ಹೋಗುತ್ತದೆ. ವಾಪಸ್ ಕೊಡುವ ಮಾತು ಬೇಕಿದ್ದರೆ ಅದನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಕಷ್ಟದಲ್ಲಿರುವವನಿಗೆ ಆ ಹೊತ್ತಿನಲ್ಲಿ ಕಾಗದ ಕೇಳಲು ಸಂಕೋಚ. ಆದ್ದರಿಂದ ಕೊಳ್ಳುವವರೇ ಮುಂದಾಗಿ ಬರೆದುಕೊಡಬೇಕು ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ನಮ್ಮ ಕಾಗದ ಒಂದೇ ಪುಟದ್ದು, ಕನ್ನಡದಲ್ಲೇ ಇದೆ. ಬೆಲೆ 15 ಸಾವಿರ ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದೇವೆ. ಐದು ವರ್ಷದೊಳಗೆ ಯಾವತ್ತು ತಂದರೂ ಅಷ್ಟೇ ಹಣ ವಾಪಸ್. ಸವೆತಕ್ಕೆ ಕಡಿತ ಇಲ್ಲ, ಏಕೆಂದರೆ ಆಡಿದರೆ ಸವೆಯಲೇಬೇಕು. ಟಿಪ್ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹಿತ್ತಾಳೆ ಬಳೆ ಸಡಿಲವಾದರೆ ನಾನೇ ಕೂರಿಸಿಕೊಡುತ್ತೇನೆ. ಉದ್ದ ಕಡಿಮೆ ಮಾಡುವ ಹಾಗಿಲ್ಲ. ಬಸ್ಸಿನಲ್ಲಿ ಒಯ್ಯಲು ಕಷ್ಟ ಅಂತ ನಡುವೆ ಕತ್ತರಿಸಿ ಜಾಯಿಂಟ್ ಹಾಕಿಸುವ ಹಾಗಿಲ್ಲ. ಒಮ್ಮೆ ಗರಗಸ ಬಿದ್ದರೆ ಅದು ಬೇರೆಯೇ ಕ್ಯೂ. ಹುಡುಗ ಎತ್ತರವಾದರೆ ಹಿಂದೆ ಸಿಕ್ಕಿಸುವ ಎಕ್ಸ್‌ಟೆನ್ಷನ್ ಬಳಸಲಿ. ಬೇರೆ ಯಾರಿಗಾದರೂ ಮಾರುವುದಾದರೆ ಮೊದಲು ನನ್ನನ್ನು ಕೇಳಬೇಕು. ಐದು ವರ್ಷ ಕಳೆದ ಮೇಲೂ ಈ ಕೊನೆಯ ಮಾತು ಉಳಿಯುತ್ತದೆ. ಕ್ಯೂವಿನ ಫೋಟೊಗಳನ್ನು, ಅದರಲ್ಲೂ ಆಶ್ ಮರದ ಬಾಣದಂಥ ಗೆರೆಗಳು ಕಾಣುವ ಹಾಗೆ, ತೆಗೆದು ಕಾಗದಕ್ಕೆ ಅಂಟಿಸಿದ್ದೇವೆ. ಆ ಗೆರೆಗಳು ಒಂದು ಕ್ಯೂದು ಇನ್ನೊಂದಕ್ಕೆ ಬರುವುದಿಲ್ಲ. ನಾಳೆ ಇದೇ ಕ್ಯೂ ಹೌದೋ ಅಲ್ಲವೋ ಎಂಬ ತಕರಾರು ಬೇಡ.

ಇನ್ನೊಂದು ಮುಖ್ಯ ಸಂಗತಿ ಇದೆ. ಅವರು ಕೊಟ್ಟ 15 ಸಾವಿರವನ್ನು ನಾನು ಖರ್ಚು ಮಾಡಿಲ್ಲ. ಬ್ಯಾಂಕಿನಲ್ಲಿ ಐದು ವರ್ಷಕ್ಕೆ ಡಿಪಾಸಿಟ್ ಇಟ್ಟಿದ್ದೇನೆ. ಬಡ್ಡಿ ನನಗೆ, ಅಸಲು ಆ ಕಾಗದಕ್ಕೆ. ವಾಪಸ್ ಕೊಳ್ಳುತ್ತೇನೆ ಅಂತ ಹೇಳಿ ಹಣ ಎತ್ತಿಡದಿದ್ದರೆ ಆ ಮಾತಿಗೆ ಬೆಲೆ ಏನು? ನನ್ನ ಮಗಳೂ ಕಾಗದಕ್ಕೆ ಸಹಿ ಹಾಕಿದ್ದಾಳೆ. ನಾನಿಲ್ಲದ ದಿನ ಬಂದರೂ ಅವರು ಬಾಗಿಲಲ್ಲಿ ನಿಂತು ಬೇಡುವಂತಾಗಬಾರದು.

ಸ್ನೂಕರ್ ದೊಡ್ಡವರ ಆಟ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರಿದ್ದಾರೆ. ಈ ಆಟ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್ಸಿನಲ್ಲಿ. ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ ಊಟಿ ಕ್ಲಬ್ಬಿನಲ್ಲಿ. ಮೈಸೂರಿನಿಂದ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಆಗ ಅದು ಬ್ರಿಟಿಷ್ ಅಧಿಕಾರಿಗಳ ಆಟವೇ, ನಿಜ. ಈಗ ಹಾಗಿಲ್ಲ. ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಹತ್ತಿರ ಕಲಿತು, 2003ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ಸರ್ಕಾರಿ ನೌಕರಿ ಮಾಡುತ್ತಲೇ ಆಡಿದ ನಮ್ಮ ಆರ್. ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ (ಇದೂ ಕ್ಯೂನಲ್ಲೇ ಆಡುವ ಆಟ) ಚಾಂಪಿಯನ್ ಆದರು. ಆಫೀಸಿನ ಕೆಲಸ ಮುಗಿಸಿ ಬಂದು ಆಡುವವರೂ ಅಲ್ಲಿಗೆ ಮುಟ್ಟಬಹುದು ಅಂತ ಅವರು ತೋರಿಸಿದ್ದಾರೆ. ಹಾಗಿರುವಾಗ ಗೂಡ್ಸ್ ಆಟೊ ಓಡಿಸುವವರ ಮಗನ ಕೈಗೆ ಒಂದು ನೆಟ್ಟಗಿನ ಕ್ಯೂ ಸಿಗಬಾರದೇ?

ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯವರಲ್ಲಿ, ಜಿಲ್ಲೆಗಳ ಕ್ಲಬ್ಬಿನವರಲ್ಲಿ, ಚಿಕ್ಕಮಗಳೂರು, ಹಾಸನ, ಕೊಡಗಿನ ಪ್ಲಾಂಟರ್ಸ್ ಕ್ಲಬ್ಬಿನವರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಆಟ ಬಿಟ್ಟ ಹಿರಿಯ ಮೆಂಬರುಗಳ ಮನೆಯಲ್ಲಿ ಒಳ್ಳೊಳ್ಳೆ ಕ್ಯೂಗಳು ಅಟ್ಟದ ಮೇಲೆ ಬಿದ್ದಿವೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಮರ ಬಾಗುತ್ತದೆ, ಟಿಪ್ಪಿನ ಅಂಟು ಬಿಡುತ್ತದೆ. ಕ್ಲಬ್ಬಿನಲ್ಲಿ ಒಂದು ರಿಜಿಸ್ಟರ್ ಇಡಿ. ಮಾರುವ ಹಿರಿಯರ ಹೆಸರು, ಕ್ಯೂವಿನ ಉದ್ದ, ತೂಕ, ಮರ ಬರೆದಿಡಿ. ಕೊಳ್ಳುವ ಹುಡುಗ ಹುಡುಗಿಯರಿಗೆ ವಾಪಸ್ ಕೊಳ್ಳುವ ಭರವಸೆಯನ್ನು ಕ್ಲಬ್ಬೇ ಕೊಡಲಿ. ಅದಕ್ಕೆ ಬೇಕಾದ ಹಣ ದೊಡ್ಡದಲ್ಲ, ಮಾರಿದಾಗ ಬಂದದ್ದನ್ನೇ ತೆಗೆದಿಟ್ಟರೆ ಆಯಿತು. ಕಷ್ಟಕ್ಕೆ ಸಿಕ್ಕಿ ಕ್ಯೂ ಮಾರುವ ಆಟಗಾರನಿಗೂ ಇದೇ ರಿಜಿಸ್ಟರಿನಲ್ಲಿ ಜಾಗ ಇರಲಿ. ಇಂತಿಷ್ಟು ತಿಂಗಳ ತನಕ ಅದನ್ನು ಬೇರೆಯವರಿಗೆ ಕೊಡುವುದಿಲ್ಲ ಅಂತ ಬರೆದುಕೊಡಿ.

ಅಟ್ಟದ ಮೇಲಿನ ಕ್ಯೂ ಇಳಿಸುವವರಿಗೆ ಒಂದು ಮಾತು. ಮೊದಲು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ, ಆಮೇಲೆ ಸಮತಟ್ಟಾದ ಟೇಬಲ್ ಮೇಲೆ ಉರುಳಿಸಿ. ಸ್ವಲ್ಪ ಬಾಗಿದೆ ಅಂತ ಬಿಸಾಡಬೇಡಿ, ಎಷ್ಟೋ ಜನ ಒಳ್ಳೆಯ ಆಟಗಾರರು ಸಣ್ಣ ಬಾಗು ಇರುವ ಕ್ಯೂನಲ್ಲೇ ಆಡಿದ್ದಾರೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ವಾರ್ನಿಶ್ ಬಳಿಯಬೇಡಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಚೂರು ಲಿನ್ಸೀಡ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಟಿಪ್ ಹಾಕಲು ಗೊತ್ತಿಲ್ಲದಿದ್ದರೆ ನಿಮ್ಮ ಕ್ಲಬ್ಬಿನ ಮಾರ್ಕರನ್ನು ಕೇಳಿ, ಸಂತೋಷದಿಂದ ಮಾಡಿಕೊಡುತ್ತಾರೆ. ನಮ್ಮ ಕರಾರಿನ ಪ್ರತಿಯನ್ನು, ಹೆಸರು ವಿಳಾಸ ಮರೆಮಾಡಿ, ಈ ಪತ್ರದ ಜೊತೆ ಇಟ್ಟಿದ್ದೇನೆ. ಯಾರಾದರೂ ಕೇಳಿ ಬರೆದರೆ ದಯವಿಟ್ಟು ಅದನ್ನು ಅವರಿಗೆ ಕಳಿಸಿಕೊಡಿ.

– ನಿವೃತ್ತ ಬಿಲಿಯರ್ಡ್ಸ್ ಮಾರ್ಕರ್, ಮೈಸೂರು