ಬೇಕರ್ ತರಹದ ಮನೆ ಬೇಕು ಅಂದೆಯಲ್ಲ

ಪ್ರೀತಿಯ ಗೆಳೆಯ,

ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟುತ್ತಿದ್ದ ತರಹದ ಮನೆ ಬೇಕು ಅಂತ ಬರೆದಿದ್ದೀಯ. ಕಳಿಸಿದ ಫೋಟೊಗಳಲ್ಲಿ ಕಾಣೋದು ಬರೀ ಕೆಂಪು ಇಟ್ಟಿಗೆ. ಮಾಮೂಲಿ ಗೋಡೆಗೆ ಇಟ್ಟಿಗೆ ಬಣ್ಣದ ಟೈಲ್ಸ್ ಅಂಟಿಸಿದರೂ ಫೋಟೊ ಹಾಗೇ ಬರುತ್ತೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆನಿಂತ ಆ ಮನುಷ್ಯ ನೋಡುತ್ತಿದ್ದದ್ದು ಬೇರೆ: ಈ ಸಾಮಾನು ಇಲ್ಲಿ ಏನು ಕೆಲಸ ಮಾಡುತ್ತೆ? ಒಳ್ಳೇ ಇಟ್ಟಿಗೆಯ ಮೇಲಿನ ಗಿಲಾವಿಗೆ ಕೆಲಸವಿರಲಿಲ್ಲ, ಹೋಯಿತು. ಗಾಳಿ ಬೆಳಕಷ್ಟೇ ಬೇಕಾದಲ್ಲಿ ಚೌಕಟ್ಟು, ಗಾಜು, ಗ್ರಿಲ್ಲು ಮೂರೂ ಬಿಟ್ಟು ಇಟ್ಟಿಗೆಯಲ್ಲೇ ಸಂದು ಬಿಟ್ಟು ಜಾಲಿ ಕಟ್ಟಿದರು.

ಗೋಡೆಗೆ ರ‍್ಯಾಟ್ ಟ್ರ್ಯಾಪ್ ಬಾಂಡ್ ಹಾಕಿಸು. ಇಟ್ಟಿಗೆ ಮಲಗಿಸೋದಿಲ್ಲ, ಅಂಚಿನ ಮೇಲೆ ನಿಲ್ಲಿಸೋದು. ಎರಡು ಮುಖಕ್ಕೂ ಒಂದೊಂದು, ಆಮೇಲೆ ಅಡ್ಡಕ್ಕೊಂದು. 9 ಇಂಚಿನ ಗೋಡೆಯೊಳಗೆ 3 ಇಂಚು ಟೊಳ್ಳು ಉಳಿಯುತ್ತೆ, ಸುಮಾರು ಕಾಲುಭಾಗ ಇಟ್ಟಿಗೆ ಮಿಗುತ್ತೆ, ಬಿಸಿಲಿನ ಕಾವು ಒಳಗೆ ಬರೋದೂ ತಡ. ಮೊದಲ ವರಸೆ, ಕಿಟಕಿಯ ಕೆಳಗಿನ ವರಸೆ, ಲಿಂಟಲ್ ಮಟ್ಟ, ಸ್ಲ್ಯಾಬ್ ಕೂರುವ ವರಸೆ ಮಾತ್ರ ಗಟ್ಟಿಯಾಗಿರಲಿ. ಇಟ್ಟಿಗೆ ಒಂದೇ ಅಳತೆಯದಿಲ್ಲದಿದ್ದರೆ ಈ ಆಸೆ ಬಿಡು. ಎರಡೂ ಮುಖ ನೂಲಿಗೆ ಬರೋದಿಲ್ಲ. ಅಭ್ಯಾಸವಿಲ್ಲದ ಮೇಸ್ತ್ರಿ ಟೊಳ್ಳಿಗೂ ಗಾರೆ ತುಂಬಿಬಿಡ್ತಾನೆ, ಆಗ ಉಳಿತಾಯವೂ ಇಲ್ಲ, ತಂಪೂ ಇಲ್ಲ. ಕಟ್ಟುವಾಗ ಟೊಳ್ಳಿನ ಮೇಲೊಂದು ಹಲಗೆ ಇಟ್ಟುಕೊಂಡರೆ ಗಾರೆ ಬೀಳೋದಿಲ್ಲ. ಸ್ವಿಚ್ ಬೋರ್ಡುಗಳ ಜಾಗ ಮೊದಲೇ ಗುರುತಿಸು, ಆಮೇಲೆ ಉಳಿ ಹಿಡಿದರೆ ತೆಳು ಇಟ್ಟಿಗೆ ಒಡೆಯುತ್ತೆ.

ನನ್ನ ಕಣ್ಣಿಗೆ ಬೇಕರ್ ಯೋಚನೆ ಅಚ್ಚುಕಟ್ಟಾಗಿ ಕಾಣೋದು ಫಿಲ್ಲರ್ ಸ್ಲ್ಯಾಬಿನಲ್ಲಿ, ಅಂದರೆ ಒಂದಿಷ್ಟು ಕಾಂಕ್ರೀಟಿನ ಬದಲು ಹೆಂಚು ತುಂಬಿದ ಸ್ಲ್ಯಾಬಿನಲ್ಲಿ. ಎರಡು ಗೋಡೆಗಳ ನಡುವೆ ಸ್ಲ್ಯಾಬಿನ ಕೆಳಭಾಗ ಎಳೆತದಲ್ಲಿರುತ್ತೆ. ಎಳೆತ ತಡೆಯೋದು ಕಂಬಿ, ಅಲ್ಲಿನ ಕಾಂಕ್ರೀಟು ಬಹುಪಾಲು ಬರೀ ಭಾರ. ಆ ಜಾಗಕ್ಕೆ ಮಂಗಳೂರು ಹೆಂಚು ಬಂತು, ಒಂದರ ಮೇಲೊಂದು, ನಡುವೆ ಗಾಳಿ. ಸಿಮೆಂಟೂ ಉಳಿಯಿತು, ತೂಕವೂ ಇಳಿಯಿತು. ಆದರೆ ಬಾಲ್ಕನಿ, ಸಜ್ಜಾದಂತೆ ಹೊರಚಾಚಿದ ಕಡೆ ಲೆಕ್ಕ ತಲೆಕೆಳಗು: ಎಳೆತ ಮೇಲ್ಭಾಗಕ್ಕೆ ಹೋಗಿ, ಕಾಂಕ್ರೀಟು ತಡೆಯಬೇಕಾದ ಒತ್ತಡ ಕೆಳಭಾಗಕ್ಕೆ ಬರುತ್ತೆ. ಅಲ್ಲಿ ಹೆಂಚು ಇಡಬೇಡ. ಚೆಂದಕ್ಕೆ ಅಂತ ಇಡೋರಿದ್ದಾರೆ, ಅವರ ಮಾತು ಕೇಳಬೇಡ.

ಹೆಂಚನ್ನು ಚೆನ್ನಾಗಿ ನೆನೆಸಿಯೇ ಜೋಡಿಸಬೇಕು, ಒಣಗಿದ್ದರೆ ಕಾಂಕ್ರೀಟಿನ ನೀರು ಕುಡಿಯುತ್ತೆ. ಹೆಂಚುಗಳ ನಡುವಿನ ಪಟ್ಟಿ ಕಿರಿದು, 20 ಮಿ.ಮೀ. ಜಲ್ಲಿ ಸಿಕ್ಕಿಕೊಂಡು ತಳದಲ್ಲಿ ಕಂಬಿ ಬೆತ್ತಲಾಗುತ್ತೆ. 12ರದ್ದು ತರಿಸು. ಕಂಬಿಗಳ ಅಂತರ ಹೆಂಚಿನ ಅಳತೆಗೆ ಹೊಂದಬೇಕಾದ್ದರಿಂದ, ಇಂಜಿನಿಯರ್ ನಕ್ಷೆ ಬರೆಯೋ ಮುಂಚೆಯೇ ಹೆಂಚು ಕೊಂಡು ಅವರ ಮುಂದಿಡು. ಫ್ಯಾನಿನ ಕೊಕ್ಕೆ ಆ ಪಟ್ಟಿಯಲ್ಲೇ ಬರಲಿ, ಕಂಬಿಗೆ ಬಿಗಿದು.

ನಿನ್ನ ಗೆಳೆಯ