ಸಪ್ತಾಹದ ತಪಾಸಣೆ ಪಾಳಿ ಕುರಿತು

ಠಾಣೆಯ ಎಲ್ಲ ಸಹೋದ್ಯೋಗಿಗಳಿಗೆ ನಮಸ್ಕಾರ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಗಾಗಿ ನಡೆಯುವ ಸಪ್ತಾಹವು ಇದೇ 14ರಿಂದ 20ರವರೆಗೆ ಇದ್ದು, ಹಗಲು ಪಾಳಿಯವರು ವಸತಿ ಸಮುಚ್ಚಯ, ಶಾಲೆ, ನರ್ಸಿಂಗ್ ಹೋಮ್‌ಗಳ ತಪಾಸಣೆಗೆ ಹೋಗಬೇಕಾಗುತ್ತದೆ. ಆದರೆ ಖಾಲಿ ನಿವೇಶನಗಳ ಒಣಹುಲ್ಲು, ಕಸದ ರಾಶಿಗಳಿಗೆ ಬೆಂಕಿ ಬಿದ್ದ ಕರೆಗಳು ಬೇಸಿಗೆಯಲ್ಲಿ ಹೆಚ್ಚಿರುವುದರಿಂದ, ಜಲವಾಹನದ ಚಾಲಕರೂ ಅದರ ಪೂರ್ಣ ತಂಡವೂ ಯಾವ ಕಾರಣಕ್ಕೂ ಠಾಣೆ ಬಿಡಬಾರದು. ತಪಾಸಣೆಗೆ ದಿನಕ್ಕೆ ಇಬ್ಬರಷ್ಟೇ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ, ಬೈಕಿನಲ್ಲಿ ಹೋಗಿ ಬರಲಿ.

ಹೋದವರು ಕಾಗದಪತ್ರ ನೋಡಿ ಮರಳದೆ, ಹೋಸ್ ರೀಲಿನ (ಬೆಂಕಿ ಆರಿಸಲು ಕಟ್ಟಡದಲ್ಲಿಟ್ಟ ನೀರಿನ ಕೊಳವೆಯ ಸುರುಳಿ) ವಾಲ್ವ್ ತಿರುಗಿಸಿ ನೀರು ಬರುವುದನ್ನು ಕಣ್ಣಾರೆ ಕಾಣಬೇಕು, ತುರ್ತು ನಿರ್ಗಮನದ ಬಾಗಿಲನ್ನು ಕೈಯಿಂದ ತಳ್ಳಿ ನೋಡಬೇಕು. ಕಳೆದ ತಿಂಗಳು ಒಂದು ಕಟ್ಟಡದಲ್ಲಿ ಆ ಬಾಗಿಲ ಹಿಂದೆ ಹಳೆಯ ಸೋಫಾ ಇತ್ತು. ಈ ತಪಾಸಣೆ ಬೆಂಕಿ ಆರಿಸುವವರ ಕೆಲಸವಲ್ಲವೆಂಬ ಗೊಣಗಾಟ ನನ್ನ ಕಿವಿಗೂ ಬಿದ್ದಿದೆ. 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಜೀವಗಳನ್ನು ಕಳೆದುಕೊಂಡ ಬೆಂಗಳೂರಿನಲ್ಲಿ ಕೂತು ನಾನದನ್ನು ಒಪ್ಪಲಾರೆ.

ಯಾವ ದಿನ ಹೋಗಬಲ್ಲಿರೆಂಬುದನ್ನು 11ರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ. ರಾತ್ರಿ ಪಾಳಿಯವರಿಗೆ ಇದು ಅನ್ವಯಿಸುವುದಿಲ್ಲ.